ಮಾಸ್ಟ್ರ ನಾಲ್ಕು ಗೀಟುಗಳು

ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡೇ ಅವರು ಬರೆಯುತ್ತಿದ್ದರು. ಬಿಟ್ಟರೆ ಪೆನ್ನು ನಡುಗಿ ಕಾಗದದ ಮೇಲೆಲ್ಲ ಶಾಯಿಯ ಸಣ್ಣ ಗೀರುಗಳು. ಜೆಪ್ಪಿನಲ್ಲಿ ನಮ್ಮ ಪಕ್ಕದ ಮನೆಯ ಮಾಸ್ಟ್ರು ಅವರು. ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತಿದ್ದವರು, ಕ್ಷಯ ಹಿಡಿದ ಮೇಲೆ ಮನೆಯಲ್ಲೇ ಉಳಿದರು. ಯುದ್ಧದ ಕಾಲ ಅದು, ನನಗೆ ಹದಿನಾರು. ಕಾನ್ವೆಂಟಿನ ಸಿಸ್ಟರ್ ನನ್ನ ಹ್ಯಾಂಡ್‌ರೈಟಿಂಗನ್ನು ಇಡೀ ಕ್ಲಾಸಿಗೆ ತೋರಿಸುತ್ತಿದ್ದರು. ಆ ಜಂಬದಲ್ಲೇ ಮಾಸ್ಟ್ರ ಲೇಖನವನ್ನು ಫೇರ್ ಕಾಪಿ ಮಾಡಿಕೊಡಲು ಒಪ್ಪಿದೆ.

ಅಮ್ಮನಿಗೆ ಮನಸ್ಸಿರಲಿಲ್ಲ. ಅವರ ಮನೆಯ ನೀರು ಸಹ ಕುಡಿಯಬಾರದೆಂದು ಹೇಳಿಯೇ ಕಳುಹಿಸುತ್ತಿದ್ದಳು. ಮಾಸ್ಟ್ರಿಗೂ ಅದು ಗೊತ್ತಿತ್ತು. ನನ್ನ ಸ್ಟೂಲನ್ನು ತಾವೇ ದೂರ ಹಾಕಿಸಿ, ಕೆಮ್ಮು ಬಂದಾಗ ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದರು.

"ಮೂರು ವರ್ಷದಿಂದ ಏನೂ ಇಲ್ಲದ್ದರ ಬಗ್ಗೆ ಬರೀತಾ ಇದ್ದೇನೆ ಮಾರಾಯ್ತಿ," ಎನ್ನುತ್ತಿದ್ದರು.

ಏನೂ ಇಲ್ಲದ ಜಾಗಕ್ಕೆ ತುಂಬಾ ಬಲವಾದ ವಿದ್ಯುತ್ ಕ್ಷೇತ್ರ ಕೊಟ್ಟರೆ ಆ ಶೂನ್ಯವೇ ಒಡೆದು ಕಣಗಳು ಜೋಡಿಜೋಡಿಯಾಗಿ ಹೊರಬರುತ್ತವಂತೆ. ಎಷ್ಟು ಬರುತ್ತವೆಂದು ಸ್ವಲ್ಪ ಸ್ವಲ್ಪವೇ ಕೂಡಿಸುತ್ತ ಹೋದರೆ ಪ್ರತಿ ಹೆಜ್ಜೆಗೂ ಸೊನ್ನೆ. ಆದರೆ ನಿಜವಾದ ಉತ್ತರ ಸೊನ್ನೆಯಲ್ಲ. ಅದನ್ನು ಇಡಿಯಾಗಿ ಹಿಡಿಯುವ ಒಂದು ದಾರಿ ಅವರಿಗೆ ಸಿಕ್ಕಿತ್ತು. ಕಣ್ಣು ಮುಚ್ಚುವ ಮೊದಲು ಅಚ್ಚಿನಲ್ಲಿ ನೋಡಬೇಕೆಂಬುದೊಂದೇ ಆಸೆ.

ಒಮ್ಮೆ ನನ್ನ ಎಂಬ್ರಾಯ್ಡರಿಯ ಟೇಬಲ್ ಕ್ಲಾತನ್ನು ತುಂಬಾ ಹೊತ್ತು ನೋಡಿದರು. "ಒಂದು ಮೂಲೆ ಗೊತ್ತಿದ್ದರೆ ಸಾಕು ಮಗಾ, ಉಳಿದ ಮೂರು ತನ್ನಿಂದ ತಾನೇ ಬರ್ತದೆ. ನನ್ನ ಲೆಕ್ಕದಲ್ಲಿಯೂ ಅದೇ ಸಿಮೆಟ್ರಿ ಉಂಟು."

ಆ ಮಾತು ನನ್ನ ತಲೆಯಲ್ಲಿ ಕೂತಿತು. ಅವರ ಮುಖ್ಯ ಸೂತ್ರದಲ್ಲಿ ಒಂದು ಅಕ್ಷರದ ತಲೆಯ ಮೇಲೆ ಪುಟ್ಟ ಭಿನ್ನರಾಶಿಯಿತ್ತು. ಗೀಟಿನ ಕೆಳಗೆ ಕ್ಷೇತ್ರದ ಅಕ್ಷರ, ಎಂದರೆ ಅದರಿಂದ ಭಾಗಿಸಬೇಕು. ಮೊದಲ ಸಲ ಬಂದಲ್ಲಿ ಆ ಗೀಟು ಎಷ್ಟು ಸೊಟ್ಟಗಿತ್ತೆಂದರೆ, ಕೈನಡುಕದ ಇನ್ನೊಂದು ಗೀರು ಎಂದುಕೊಂಡು ಬಿಟ್ಟುಬಿಟ್ಟೆ. ಎಲ್ಲವನ್ನೂ ಒಂದೇ ಸಾಲಿನಲ್ಲಿ ನೀಟಾಗಿ ಬರೆದೆ. ಸೂತ್ರ ಮತ್ತೆ ಮೂರು ಕಡೆ ಬಂತು. ಒಂದು ಮೂಲೆ ಗೊತ್ತಲ್ಲ. ಮೂರರಲ್ಲೂ ಗೀಟು ತೆಗೆದುಹಾಕಿದೆ. ಹೌ ಸಿಲ್ಲಿ, ಕೇಳಿದ್ದರೆ ಒಂದು ನಿಮಿಷ ಹಿಡಿಯುತ್ತಿತ್ತು.

ಕೊಡುವ ದಿನ ಅವರಿಗೆ ಜ್ವರ ಏರಿತ್ತು. ಒಮ್ಮೆ ಓದಿ ನೋಡಿ ಎಂದೆ. "ನೀನು ಬರೆದದ್ದಲ್ವಾ, ಅದರಲ್ಲಿ ನೋಡುವುದೆಂತ?" ಎಂದು ಹೆಸರು ಬರೆದು ಕಲ್ಕತ್ತೆಯ ಪತ್ರಿಕೆಗೆ ಕಳುಹಿಸಿದರು.

ನಾಲ್ಕು ತಿಂಗಳಿಗೆ ಲೇಖನ ವಾಪಸು ಬಂತು. ಕ್ಷೇತ್ರ ಬಲವಾದಷ್ಟೂ ಕಣಗಳು ಕಡಿಮೆ ಎಂದು ಈ ಲೆಕ್ಕ ಹೇಳುತ್ತದೆ, ಇದು ಅಸಂಗತ ಎಂದು ಜೊತೆಗೊಂದು ಸಾಲು. ಮಾಸ್ಟ್ರು ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಒಂದು ಕಡೆ ಬೆರಳು ನಿಂತಿತು.

"ತಪ್ಪು ನನ್ನದೇ," ಎಂದರು. "ನೀನು ನಾಳೆಯಿಂದ ಬರುವುದು ಬೇಡ ಮಗಾ, ಪರೀಕ್ಷೆಗೆ ಓದು."

ನನಗೆ ಸಿಟ್ಟು ಬಂತು. ಇಷ್ಟು ದಿನ ದುಡಿಸಿಕೊಂಡು ಈಗ ಬೇಡವಾದೆನೇ ಎಂದು ಆ ಕಡೆ ಕಾಲಿಡಲಿಲ್ಲ. ಮಣಿಕಟ್ಟು ಹಿಡಿದುಕೊಂಡು ಅವರು ತಾವೇ ಮತ್ತೆ ಬರೆಯುತ್ತಿರುವುದು ನಮ್ಮ ಕಿಟಕಿಯಿಂದ ಕಾಣುತ್ತಿತ್ತು. ಹದಿನಾಲ್ಕು ಹಾಳೆಗಳಲ್ಲಿ ಎರಡು ಮುಗಿಯುವಷ್ಟರಲ್ಲಿ ತೀರಿಕೊಂಡರು.

ಅವರ ಉತ್ತರಕ್ರಿಯೆಯ ಬೊಜ್ಜದ ದಿನ, ಊಟ ನಡೆಯುತ್ತಿರುವಾಗ, ಅವರ ಅಕ್ಕ ಜಗಲಿಗೆ ಬಂದು, "ನಿನ್ನ ಅಕ್ಷರ ಅಲ್ವಾ, ನೀನೇ ಇಟ್ಟುಕೋ," ಎಂದು ವಾಪಸು ಬಂದಿದ್ದ ಹಾಳೆಗಳ ಕಟ್ಟನ್ನು ಕೊಟ್ಟರು. ಅಲ್ಲೇ ಬಿಚ್ಚಿದೆ. ಸೂತ್ರವಿದ್ದ ನಾಲ್ಕು ಕಡೆ ಪೆನ್ಸಿಲಿನ ನಾಲ್ಕು ಗೀಟು. ನನ್ನ ಅಕ್ಷರ ಕೆಡಬಾರದೆಂದೋ ಏನೋ, ಕಣ್ಣಿಗೆ ಕಂಡೂ ಕಾಣದಷ್ಟು ತೆಳ್ಳಗೆ.

ಒಳಗೆ ಅವರ ಕಾಲೇಜಿನವರೊಬ್ಬರು ಪಕ್ಕದವರಿಗೆ ಹೇಳುತ್ತಿದ್ದರು: "ಪಾಪ, ಕಡೆಗೆ ಲೆಕ್ಕವೂ ತಪ್ಪಿತು ನೋಡಿ. ಕಾಯಿಲೆ ತಲೆಗೂ ಹೋಗಿತ್ತು ಕಾಣ್ತದೆ."

ಕಟ್ಟು ನನ್ನ ಮಡಿಲಿನಲ್ಲೇ ಇತ್ತು. ಎದ್ದು ಹೋಗಿ ತೋರಿಸಬಹುದಿತ್ತು. ನಾನು ಹಾಳೆಗಳನ್ನು ಜೋಡಿಸಿ, ದಾರ ಕಟ್ಟಿ, ಮನೆಗೆ ಬಂದೆ.