ಹೂ ತಿನ್ನುವ ಪ್ರಾಣಿ

ಎರಡು ಸಾವಿರನೇ ಇಸವಿ, ಜುಲೈ ತಿಂಗಳ ಒಂದು ಶನಿವಾರ, ಬೆಳಗಿನ ಐದೂವರೆ. ಮಿಲ್ಪಿಟಾಸಿನ ಅಪಾರ್ಟ್‌ಮೆಂಟಿನ ಹಿಂಬದಿಯ ಮೆಟ್ಟಿಲ ಮೇಲೆ ಕಂಬಳಿ ಹೊದ್ದು ಕೂತಿದ್ದವರು ಮೂವರು: ನನ್ನ ಮೊಮ್ಮಗಳು ಸಿರಿ, ಮೇಲಿನ ಮನೆಯ ಲಿನ್, ಎದುರುಮನೆಯ ಡಿಯೇಗೊ. ಅಡುಗೆಮನೆಯ ಕಿಟಕಿಯಲ್ಲಿ ನಾನು. ಮಗ, ಸೊಸೆ ಮಲಗಿದ್ದರು.

ಕಂಪ್ಯೂಟರ್ ಕಂಪನಿಗಳ ಆ ಪರದೇಶದ ಊರಲ್ಲಿ ಆಗ ಎಲ್ಲರಿಗೂ ಅವಸರ. ಮಗನ ಕಂಪನಿ ಬದಲಾದ ಹಾಗೆ ಮನೆ ಬದಲಾಗುತ್ತಿತ್ತು, ಮನೆ ಬದಲಾದ ಹಾಗೆ ಸಿರಿಯ ಸ್ಕೂಲು. ಎಂಟು ವರ್ಷದ ಮಗು, ಮಧ್ಯಾಹ್ನದ ಡಬ್ಬಿಯನ್ನು ಒಬ್ಬಳೇ ಕೂತು ತಿಂದು ಬರುತ್ತಿದ್ದಳು. ಆ ಬೇಸಿಗೆಯಲ್ಲಿ ಮೊದಲ ಸಲ ಅವಳಿಗೆ ಇಬ್ಬರು ಸ್ನೇಹಿತರು ಸಿಕ್ಕಿದ್ದರು, ಅದೂ ಒಂದು ಪ್ರಾಣಿಯ ದೆಸೆಯಿಂದ.

ಮನೆಯ ಹಿಂದೆ ಹರಿಯುವ ತೊರೆಯ ತಂತಿಬೇಲಿಗೆ ಯಾರೂ ನೋಡಿಕೊಳ್ಳದ ಒಂದು ದಾಸವಾಳ ಒರಗಿ ಬೆಳೆದಿತ್ತು. ಸಂಜೆ ಗಿಡದ ತುಂಬ ಮೊಗ್ಗು, ಬೆಳಿಗ್ಗೆ ಮಕ್ಕಳು ಏಳುವ ಹೊತ್ತಿಗೆ ಒಂದೂ ಇಲ್ಲ. ಮೈತುಂಬ ರೋಮದ ಬಿಗ್‌ಫುಟ್ ಎಂಬ ಕಾಡುಮನುಷ್ಯನ ಕತೆ ಆ ಸೀಮೆಯ ಮಕ್ಕಳಿಗೆಲ್ಲ ಗೊತ್ತು. ಅದರ ಮರಿಯೇ ಗುಡ್ಡ ಇಳಿದು ಬಂದಿದೆ ಎಂದು ಡಿಯೇಗೊನ ವಾದ. ಮರಿಯಲ್ಲ, ಬಹಳ ಮುದಿ, ಹಲ್ಲಿಲ್ಲ, ಅದಕ್ಕೇ ಹೂವು ತಿನ್ನುತ್ತದೆ ಎಂದು ಲಿನ್. ಸಾಕ್ಷಿಗೆ ಬೇಲಿಯಲ್ಲಿ ಸಿಕ್ಕ ಉದ್ದನೆಯ ಬಿಳಿ ಕೂದಲಿತ್ತು, ಒದ್ದೆ ಮಣ್ಣಿನಲ್ಲಿ ಬೆರಳಿಲ್ಲದ ಅಗಲ ಹೆಜ್ಜೆಯಿತ್ತು. ಒಮ್ಮೆ ನಸುಕಿನಲ್ಲಿ ಲಿನ್ ಕಂದು ಮೈಯನ್ನು, ಮುಖವಿಲ್ಲದ ತಲೆಯನ್ನು ಕಂಡಿದ್ದಳು. ಅದು ಗುಂಯ್ ಎನ್ನುತ್ತಿತ್ತಂತೆ.

ನಾನು ಉಡುಪಿಯ ಆಸ್ಪತ್ರೆಯೊಂದರ ವಾರ್ಡಿನಲ್ಲಿ ನರ್ಸಾಗಿ ಪಳಗಿದವಳು. ನಾಲ್ಕೂವರೆಗೆ ಏಳುವುದು, ಸ್ನಾನ, ಹೂವು, ಆರಕ್ಕೆ ದೀಪ. ಊರಲ್ಲಿ ಹೇಗೋ ಇಲ್ಲಿಯೂ ಹಾಗೆ. ಚಳಿಗೆ ಮಗನ ಕಂದು ಜಾಕೆಟು, ಅವನದೇ ಶೂಸು, ಮುಖ ಮುಚ್ಚುವ ಮಂಕಿ ಕ್ಯಾಪು. ಬೆನ್ನ ಮೇಲೆ ಮಿಂದ ಕೂದಲು, ಬಾಯಲ್ಲಿ ಸ್ತೋತ್ರ. ಆ ಪ್ರಾಣಿ ಯಾರೆಂದು ನನಗೂ ತಡವಾಗಿಯೇ ಹೊಳೆದದ್ದು.

ಹಿಂದಿನ ಸಂಜೆ ಮೂವರೂ ನಮ್ಮ ಮೇಜಿಗೆ ಕೂತು ಬೆಲ್ಲದ ಅವಲಕ್ಕಿ ತಿನ್ನುತ್ತಿದ್ದರು. ಲಿನ್ ಬೇಲಿಯಲ್ಲಿ ಸಿಕ್ಕ ಆ ಕೂದಲನ್ನು ಮೂಸಿ ನೋಡಿ, ಪ್ರಾಣಿಗೂ ಈ ಮನೆಯದೇ ವಾಸನೆ ಎಂದಳು. ತೆಂಗಿನೆಣ್ಣೆ. ಸಿರಿಯ ಚಮಚ ನಿಂತಿತು. ನನ್ನ ತುರುಬನ್ನು ಒಮ್ಮೆ ನೋಡಿ ತಲೆ ತಗ್ಗಿಸಿದಳು. ಡಿಯೇಗೊ ಮಾತ್ರ ನಾಳೆ ನಸುಕಿಗೇ ಕಾಯೋಣ, ಪ್ರಾಣಿ ಬಾರದಿದ್ದರೆ ಇದೆಲ್ಲ ಸುಳ್ಳು, ಸೋಮವಾರದಿಂದ ತಾನೂ ಲಿನ್ನೂ ಈಜಿನ ಕ್ಯಾಂಪಿಗೆ ಹೋಗುವುದೇ ಎಂದ. ಸಿರಿಗೆ ಈಜು ಬರುತ್ತಿರಲಿಲ್ಲ.

ಹಾಸಿಗೆ ಹಾಸುವಾಗ ಅವಳು ಬಂದು ಬಾಗಿಲಲ್ಲಿ ನಿಂತಳು.

"ಅಜ್ಜಿ, ನಾಳೆ ಹೂ ಕೀಳ್ಬೇಡಿ. ಪ್ಲೀಸ್."

"ಮತ್ತೆ ದೇವರಿಗೆ ಎಂತ ಇಡುದು ಮಾರಾಯ್ತಿ?"

"ಗಾಡ್ ಕ್ಯಾನ್ ವೇಟ್, ಅಜ್ಜಿ. ಡಿಯೇಗೊ ವೋಂಟ್."

ನಾನು ಹೋದರೆ ಪ್ರಾಣಿ ಬರೀ ಅಜ್ಜಿಯಾಗುತ್ತದೆ, ಹೋಗದಿದ್ದರೆ ಸುಳ್ಳಾಗುತ್ತದೆ. ಅಷ್ಟು ದೂರ ಅವಳು ಯೋಚಿಸಿರಲಿಲ್ಲ, ನಾನೂ ಯೋಚಿಸಿರಲಿಲ್ಲ.

ಶನಿವಾರ ಹೂವಿಲ್ಲದೆ ದೀಪ ಹಚ್ಚಿದೆ. ಏಳರ ಹೊತ್ತಿಗೆ ಮಂಜು ಸರಿದು ದಾಸವಾಳಗಳೆಲ್ಲ ಕೆಂಪಗೆ ಅರಳಿ ಕಂಡವು. ಡಿಯೇಗೊ ಕಂಬಳಿ ಕೊಡವಿ ಎದ್ದು, "ಇಟ್ಸ್ ಫೇಕ್" ಅಂದ. ಸಿರಿ ಕಾಲುಚೀಲದ ನೂಲು ಎಳೆಯುತ್ತ ಕೂತೇ ಇದ್ದಳು.

ಬಾಗಿಲು ತೆಗೆದು ಮೂವರನ್ನೂ ಒಳಗೆ ಕರೆದೆ. ನೀರುದೋಸೆ, ಕಾಯಿಬೆಲ್ಲ. ಕಿಟಕಿಗೆ ಬೆನ್ನು ಹಾಕಿ ಕೂರಿಸಿದೆ. ಕಸ ಹಾಕಿ ಬರುತ್ತೇನೆಂದು ಚೀಲ ಹಿಡಿದು ಹೊರಟೆ. ಅಷ್ಟೂ ಹೂವನ್ನು ಸೆರಗಿಗೆ ಕಿತ್ತುಕೊಂಡು, ಮುಂಬಾಗಿಲಿನಿಂದ ಒಳಬಂದು, ಬಟ್ಟೆಯ ಕಪಾಟಿನಲ್ಲಿ ಕೂತ ನಮ್ಮ ದೇವರ ಮುಂದೆ ಸುರಿದು ಕದ ಹಾಕಿದೆ.

ಮೊದಲು ನೋಡಿದವಳು ಲಿನ್. ಮೂವರೂ ಹೊರಗೆ ಓಡಿದರು. ಡಿಯೇಗೊ ಬೋಳು ಗಿಡದ ಕೊಂಬೆಗಳನ್ನು ಒಂದೊಂದಾಗಿ ಎತ್ತಿ ನೋಡಿದ. ನಾವು ಅದನ್ನು ಕಾಯುತ್ತಿರಲಿಲ್ಲ, ಅದೇ ನಮ್ಮನ್ನು ಕಾಯುತ್ತಿತ್ತು ಎಂದು ಪಿಸುಮಾತಿನಲ್ಲಿ ಹೇಳಿದ. ಸಿರಿ ಒಳಗೆ ಬಂದು ತಟ್ಟೆ ಮುಂದೊಡ್ಡಿ, "ಅಜ್ಜಿ, ಇನ್ನೊಂದು ದೋಸೆ" ಎಂದಳು. ಸೋಮವಾರ ಯಾರೂ ಕ್ಯಾಂಪಿಗೆ ಹೋಗಲಿಲ್ಲ.

ನಮ್ಮ ಊರಿನ ಗುಮ್ಮನನ್ನು ದೊಡ್ಡವರು ಮಾಡಿದ್ದು, ಮಕ್ಕಳಿಗೆ ಅನ್ನ ತಿನ್ನಿಸಲಿಕ್ಕೆ. ಇದನ್ನು ಮಕ್ಕಳೇ ಮಾಡಿಕೊಂಡದ್ದು, ಜೊತೆಗಿರಲಿಕ್ಕೆ. ಇಂಥ ಪ್ರಾಣಿ ಯಾವ ಕಾಡಿನದೇ ಇರಲಿ, ಅದರ ಮೂಲದಲ್ಲಿ ಎಲ್ಲರಿಗಿಂತ ಮುಂಚೆ ಏಳುವ ಒಂದು ಮುದಿ ಜೀವ ಇರಬೇಕು ಎಂದು ನನ್ನ ಅಂದಾಜು.

ಮರುವರ್ಷ ಮಗನ ಕಂಪನಿ ಮುಚ್ಚಿತು, ನಾವು ಅಲ್ಲೇ ಹತ್ತಿರದ ಬೆರ್ರಿಯೆಸಾಕ್ಕೆ ಬಂದೆವು. ಆ ಇಬ್ಬರು ಮಕ್ಕಳು ಈಗ ಎಲ್ಲಿದ್ದಾರೋ. ಬೇಲಿಯ ಜಾಗದಲ್ಲಿ ಗೋಡೆ ಎದ್ದಿದೆ. ನಾಲ್ಕೂವರೆಗೆ ಈಗಲೂ ಎಚ್ಚರವಾಗುತ್ತದೆ. ಶಿಸ್ತಿನಿಂದಲ್ಲ, ನಿದ್ದೆ ಬಾರದೆ. ಹೂವು ಅಂಗಡಿಯಿಂದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುತ್ತದೆ. ಸಿರಿ ಬರ್ಕ್ಲಿಯಲ್ಲಿ ಕೆಲಸ ಮಾಡುತ್ತಾಳೆ. ಮೊನ್ನೆ ಬಂದಾಗ ನೆನಪಿಸಿದೆ. ಫೋನಿನಿಂದ ಕಣ್ಣೆತ್ತದೆ "ಯಾವ ಆನಿಮಲ್, ಅಜ್ಜಿ?" ಅಂದಳು. ವಿವರಿಸಿ ಹೇಳಲು ಆಯಾಸ, ಬಿಟ್ಟೆ.

ಗಿಡ ಬೋಳಾದ ಆ ಶನಿವಾರ, ಮಕ್ಕಳು ಚೆದುರಿದ ಮೇಲೆ, ಪಾತ್ರೆ ತೊಳೆದದ್ದಾಯಿತು, ಒಲೆ ಒರೆಸಿದ್ದಾಯಿತು. ಬೆಳಿಗ್ಗೆ ದೀಪ ಹಚ್ಚುವ ಮುಂಚೆ ತಲೆ ಬಾಚಿ, ಉದುರಿದ ಕೂದಲನ್ನು ಉಂಡೆ ಸುತ್ತಿಟ್ಟಿದ್ದೆ. ದಿನವೂ ಕಸಕ್ಕೆ ಹಾಕುವುದು. ಅಂದು ಅದರಿಂದ ಉದ್ದನೆಯದೊಂದನ್ನು ಬಿಡಿಸಿ, ಮೆಟ್ಟಿಲಿಳಿದು ಹೋಗಿ, ಮಕ್ಕಳ ಕೈಗೆ ಎಟಕುವಷ್ಟು ಎತ್ತರದಲ್ಲಿ ಬೇಲಿಯ ತಂತಿಗೆ ಸಿಕ್ಕಿಸಿದೆ. ಕಾಲು ತೊಳೆದು ಒಳಗೆ ಬಂದು ಚಿಲಕ ಹಾಕಿದೆ.