ಹೊಸ್ತಿಲಾಚೆಯ ಕಾಲು

ನಮ್ಮ ಮನೆಯವರ ಬಲಗಾಲು ಹೋದದ್ದು ಕಬ್ಬಿನ ಗಾಡಿಯ ಕೆಳಗೆ. ಕೌಜಲಗಿಯ ನಮ್ಮ ಹೊಲದಿಂದ ಗಾಣಕ್ಕೆ ಕಬ್ಬು ಹೇರಿಕೊಂಡು ಹೊರಟಿದ್ದರು. ಹಳ್ಳದ ಇಳಿಜಾರಿನಲ್ಲಿ ಎತ್ತು ಬೆದರಿತು, ಗಾಲಿ ಕಾಲಿನ ಮೇಲೆ ಹಾಯ್ದುಹೋಯಿತು. ಗಾಯ ಕೊಳೆತು, ಕೊನೆಗೆ ಡಾಕ್ಟರು ಮೊಣಕಾಲಿನ ಕೆಳಗೆ ಕತ್ತರಿಸಿದರು. ಆಗ ನಮ್ಮ ಸೀಮೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು, ಊರಲ್ಲಿ ಎಲ್ಲರಿಗೂ ಅದೇ ಮಾತು. ನನಗೆ ಯಾವ ರಾಜ್ಯವಾದರೇನು? ಮೂವತ್ತು ದಾಟದ ಗಂಡ ಕಟ್ಟೆಯ ಮೇಲೆ ಕೂತು ನೊಣ ಹೊಡೆಯುತ್ತಿದ್ದ.

ಹುಕ್ಕೇರಿಯ ನನ್ನ ತವರಿನಲ್ಲಿ ತಮ್ಮನೊಬ್ಬ ಪಲ್ಟನ್ನಿಗೆ ಸೇರಿದ್ದ. ಅವನು ಪುಣೆಯಲ್ಲಿ ಯಾರ ಯಾರದೋ ಕೈಕಾಲು ಹಿಡಿದು, ಸಿಪಾಯಿಯೊಬ್ಬನಿಗೆಂದು ಬಂದು ಹಾಗೆಯೇ ಉಳಿದಿದ್ದ ವಿಲಾಯಿತಿ ಕಾಲೊಂದನ್ನು ತಂದುಕೊಟ್ಟ. ತೊಡೆಗೆ ಬಿಗಿಯಲು ತೊಗಲಿನ ಕವಚ, ಕೆಳಗೆ ಹಗುರವಾದ ಲೋಹದ ಕಾಲು, ತುದಿಯಲ್ಲಿ ಬೋಲ್ಟು ಹಾಕಿ ಕೂಡಿಸಿದ ಕರೀ ಬೂಟು. ಮೊಣಕಾಲಿನ ಹತ್ತಿರ ಹಿತ್ತಾಳೆಯ ಸಣ್ಣ ತಗಡು, ಅದರ ಮೇಲೆ ಇಂಗ್ಲಿಷಿನಲ್ಲಿ ಪೇಟೆಂಟ್ ಎಂದು ಬರೆದು ಮುಂದೊಂದು ಉದ್ದನೆಯ ನಂಬರು.

“ಹಂಗಂದ್ರ ಏನಪಾ?” ಎಂದು ಅತ್ತೆ ಕೇಳಿದರು.

“ಇದನ್ನ ಕಂಡುಹಿಡದಾಂವನ ಹಕ್ಕರಿ ಅದು. ಅವನ್ನ ಬಿಟ್ಟು ಬ್ಯಾರೆ ಯಾರೂ ಇಂಥಾದ್ದು ಮಾಡಂಗಿಲ್ಲ,” ಅಂದ ನನ್ನ ತಮ್ಮ.

ಆ ಕಾಲು ಕಟ್ಟಿಕೊಂಡು ಅವರು ಎದ್ದು ನಿಂತ ದಿನ ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನಮ್ಮ ಮನೆಯವರು ಅಂಗಳದಲ್ಲಿ ನಡೆದರು, ಓಣಿಯ ತುದಿಗೆ ಹೋಗಿಬಂದರು. ಹೊಸ್ತಿಲ ಮುಂದೆ ಬಂದಾಗ ಮೂವರೂ ನಿಂತುಬಿಟ್ಟೆವು. ನಮ್ಮ ಪಡಸಾಲೆಗೆ ಹತ್ತಿಯೇ ದೇವರ ಮನೆ. ಆ ಮನೆಗೆ ತೊಗಲು ಮೆಟ್ಟಿಕೊಂಡು ಯಾರೂ ಕಾಲಿಟ್ಟವರಲ್ಲ.

“ಅದನ್ನ ಇಲ್ಲೇ ಬಿಚ್ಚಿ ಬಾ ಯಪ್ಪಾ,” ಅಂದರು ಅತ್ತೆ, ಮೆಲ್ಲಗೆ.

ಅವರು ಕೂತು ಬಿಚ್ಚಿದರು. ಸಾರಿಸಿದ ನೆಲದಲ್ಲಿ ಊರುಗೋಲು ಜಾರಿ ಒಮ್ಮೆ ಮೋಟುಗಾಲಿನ ಮೇಲೆಯೇ ಬಿದ್ದಿದ್ದರು. ಅಂದಿನಿಂದ ಮನೆಯೊಳಗೆ ಕೋಲು ಹಿಡಿಯುವ ಧೈರ್ಯವಿರಲಿಲ್ಲ. ಹೀಗಾಗಿ ಓಣಿಯಲ್ಲಿ ಎದೆಯೆತ್ತಿ ನಡೆದು ಬಂದ ಗಂಡಸು ತನ್ನ ಮನೆಯೊಳಗೆ ಕುಂಡೆಯ ಮೇಲೆ ಜಾರುತ್ತ ಊಟಕ್ಕೆ ಬರುತ್ತಿದ್ದ. ನನಗೆ ಅತ್ತೆಯ ಮೇಲೆ ಸಿಟ್ಟು ಬರುತ್ತಿತ್ತು, ಆದರೆ ಅವರು ಮಗನ ಕಡೆ ನೋಡಲಾರದೆ ಒಲೆಯ ಕಡೆ ತಿರುಗಿ ಕೂರುವುದನ್ನು ಕಂಡಾಗ ಆ ಸಿಟ್ಟು ಪೇಟೆಂಟಿನವನ ಮೇಲೆ ಹೊರಳುತ್ತಿತ್ತು. ಅಷ್ಟೆಲ್ಲ ಬುದ್ಧಿ ಓಡಿಸಿದವನಿಗೆ, ಬೂಟು ಬಿಚ್ಚಿ ಒಳಗೆ ಹೋಗುವ ಮನೆಗಳೂ ಈ ಭೂಮಿಯ ಮೇಲಿವೆ ಎಂದು ಹೊಳೆಯಲಿಲ್ಲ. ಅವನು ಬೂಟು ಹಾಕಿಕೊಂಡೇ ಮಲಗುತ್ತಿದ್ದನೋ ಏನೋ.

ಗೋಕಾಕದ ಗೊಂಬೆಗಳ ವಿಚಾರ ತಲೆಗೆ ಬಂದದ್ದು ನನಗೇ. ಅಲ್ಲಿ ನನ್ನ ತಂದೆಯ ಪರಿಚಯದ ಮುದುಕನೊಬ್ಬ ಕಟ್ಟಿಗೆಯ ಗೊಂಬೆ ಮಾಡುತ್ತಿದ್ದ. ಹೂವಿನಷ್ಟು ಹಗುರಾದ ಕಟ್ಟಿಗೆ ಕೆತ್ತಿ, ಹುಣಸೆ ಬೀಜದ ಅಂಟಿನಲ್ಲಿ ಕಟ್ಟಿಗೆ ಹೊಟ್ಟು ಕಲಸಿ ಮೆತ್ತಿ, ಮೇಲೆ ಬಣ್ಣ ಹಚ್ಚುತ್ತಿದ್ದ. ಗಂಡನನ್ನು ಗಾಡಿಯಲ್ಲಿ ಕೂಡಿಸಿಕೊಂಡು ಅವನ ಹತ್ತಿರ ಹೋದೆ.

“ಕಾಕಾ, ಬೂಟ ತಗದು ಒಂದು ಪಾದ ಮಾಡಿಕೊಡ್ರಿ,” ಅಂದೆ.

ತಗಡಿನ ಮೇಲಿನ ಬರಹದ ಅರ್ಥ ಹೇಳಿದ ಕೂಡಲೇ ಮುದುಕ ಕೈ ಹಿಂದಕ್ಕೆ ತೆಗೆದ. “ಅಲ್ಲಬೇ ಮಗಳ, ಬ್ಯಾರೆ ಯಾರೂ ಮಾಡಬಾರದು ಅಂತ ಬರದಾರ. ಈ ವಯಸ್ಸಿನ್ಯಾಗ ನನ್ನ ಜೇಲಿಗೆ ಕಳಸ್ತೀಯೇನ?”

“ಅವರ ಪೇಟೆಂಟ ಬೂಟಿಂದರಿ. ನಾವು ಕೇಳೂದು ಬರಿಗಾಲು,” ಅಂದರು ನಮ್ಮ ಮನೆಯವರು. ಕಾಲು ಹೋದ ಮೇಲೆ ಅವರು ಚೇಷ್ಟೆಯ ಮಾತಾಡಿದ್ದು ಅದೇ ಮೊದಲು. ಮುದುಕ ನಕ್ಕು ಒಪ್ಪಿಕೊಂಡ.

ಅವನು ಎಷ್ಟೋ ಗೌರಿಯರಿಗೆ ಪಾದ ಕೆತ್ತಿದವನು, ಆದರೆ ಮೈಭಾರ ಹೊರುವ ಪಾದ ಅವನಿಗೂ ಹೊಸದು. ಎರಡು ಸಲ ಸೀಳಿತು. ಮೂರನೆಯದಕ್ಕೆ ಒಳಗೆ ಗಟ್ಟಿ ಕಟ್ಟಿಗೆ ಇಟ್ಟು, ಸುತ್ತಲೂ ಅಂಟಿನಲ್ಲಿ ಅದ್ದಿದ ಅರಿವೆ ಸುತ್ತಿ, ಎಡಗಾಲನ್ನು ನೋಡಿ ನೋಡಿ ಬೆರಳು ಮೂಡಿಸಿದ. ಉಗುರಿಗೂ ಬಣ್ಣ ಹಚ್ಚಿದ. ನಾನು ಕೂಡ ಸುಮ್ಮನೆ ಕೂರಲಿಲ್ಲ. ತೊಗಲಿನ ಕವಚ ಕಿತ್ತು ದಪ್ಪ ಕ್ಯಾನ್ವಾಸಿನದು ಹೊಲಿದೆ, ಬಕ್ಕಲಿನ ತೊಗಲು ಪಟ್ಟಿಗಳ ಬದಲು ಮಂಚಕ್ಕೆ ಹೆಣೆಯುವ ನೂಲಿನ ನವಾರು ಕಟ್ಟಿದೆ. ಗಂಟು ಹಾಕಿ ಬಿಗಿಯುವಂತೆ ಮಾಡಿದೆ.

ಹೊರಡುವಾಗ ಮುದುಕ ಒಂದೇ ಮಾತು ಹೇಳಿದ: “ವಾರ್ನಿಷ್ ಹೊಡದೇನಿ ಖರೆ, ಆದರ ನೀರು ತಾಗಸಬ್ಯಾಡ್ರಿ. ಅಂಟು ಬಿಡ್ತೈತಿ.”

ಊರಿಗೆ ಬಂದೆವು. ಅವರು ಗಾಡಿಯಿಂದಿಳಿದು ನಡೆದು ಬಾಗಿಲಿಗೆ ಬಂದರು. ಅತ್ತೆ ಕೂತು ಆ ಪಾದದ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದರು. “ಖರೇನ ಇದರಾಗ ತೊಗಲಿಲ್ಲೇನ ಬೇ?” ಎಂದು ನನ್ನನ್ನು ಕೇಳಿದರು. “ಇಲ್ಲರಿ ಅತ್ತಿ, ಆಣಿ ಮಾಡಿ ಹೇಳತೇನಿ,” ಅಂದೆ.

ಅತ್ತೆ ಎದ್ದು ಒಳಗೆ ಹೋಗಿ ತಂಬಿಗೆ ತುಂಬಿಕೊಂಡು ಬಂದರು. ನಮ್ಮಲ್ಲಿ ಹೊರಗಿನಿಂದ ಬಂದವರಿಗೆ ಮೊದಲು ಕಾಲಿಗೆ ನೀರು. ಕಾಲು ಹೋದಂದಿನಿಂದ ಅತ್ತೆ ಮಗನಿಗೆ ನೀರು ಹಾಕಿರಲಿಲ್ಲ. ಎಡಗಾಲಿಗೆ ಹಾಕಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಬಲಗಾಲಿಗೂ ಹಾಕಿ, ಬಗ್ಗಿ, ಆ ಕಟ್ಟಿಗೆಯ ಹಿಮ್ಮಡಿಯನ್ನು ಅಂಗೈಯಿಂದ ತಿಕ್ಕಿ ತೊಳೆದರು. ನಾನು ಗಂಡನ ಮುಖ ನೋಡಿದೆ. ಅವರು ಸುಮ್ಮನಿರು ಎಂದು ಕಣ್ಣಲ್ಲೇ ತಡೆದರು. ಆಮೇಲೆ ಹೊಸ್ತಿಲು ದಾಟಿ, ಪಡಸಾಲೆಯಲ್ಲಿ ನಡೆದು, ಗೋಡೆಗೆ ಆತುಕೊಂಡು ನಿಂತರು. ಕೂಡಲೇ ಕೂರಲಿಲ್ಲ, ಮನೆಯನ್ನೆಲ್ಲ ಮೇಲಿನಿಂದ ನೋಡುತ್ತ ನಿಂತಿದ್ದರು.

ಅಂದಿನಿಂದ ದಿನಾಲೂ ಅದೇ. ಹೊಲಕ್ಕೆ ಹೋಗಿ ಬಂದರೆ, ಸಂತೆಗೆ ಹೋಗಿ ಬಂದರೆ, ಅತ್ತೆ ತಂಬಿಗೆ ಹಿಡಿದು ನಿಂತಿರುತ್ತಿದ್ದರು. ನಮ್ಮ ಮನೆಯವರು ಒಳಗೆ ಬಂದು ಕದ್ದು ಧೋತರದ ಚುಂಗಿನಿಂದ ಪಾದ ಒರೆಸಿಕೊಳ್ಳುತ್ತಿದ್ದರು. “ಒಂದ ಮಾತ ಹೇಳಬಾರದೇನ್ರಿ?” ಎಂದು ನಾನು ಬೇಡಿಕೊಂಡೆ. “ಈ ಕಾಲಿಗೆ ನೀರ ಹಾಕಬ್ಯಾಡ ಅಂದ್ರ, ಇದು ಕಾಲ ಅಲ್ಲ ಅಂದಂಗಾತಲ್ಲ,” ಅಂದರು.

ಮಳೆಗಾಲ ಹಿಡಿಯುವಷ್ಟರಲ್ಲಿ ಬಣ್ಣ ಎದ್ದಿತು, ಉಗುರುಗಳು ಉದುರಿದವು, ಪಾದ ನೆನೆದ ರೊಟ್ಟಿಯ ಹಾಗೆ ಉಬ್ಬಿತು. ಒಂದು ದಿನ ಬಾಗಿಲಲ್ಲೇ, ಅತ್ತೆ ನೀರು ಹಾಕುತ್ತಿರುವಾಗಲೇ, ಪಾದ ಮಡಚಿ ನಮ್ಮ ಮನೆಯವರು ಮುಗ್ಗರಿಸಿ ಬಿದ್ದರು. ಅತ್ತೆಯ ಕೈಯಲ್ಲಿ ಹೊಟ್ಟು, ಅಂಟು, ಹರಕು ಅರಿವೆ ಉಳಿಯಿತು. ಕೈಯನ್ನೇ ನೋಡಿಕೊಂಡರು. ಆಮೇಲೆ ನನ್ನನ್ನು ನೋಡಿದರು.

“ನಿಮಗ ಗೊತ್ತಿತ್ತೇನ?” ಎಂದು ಕೇಳಿದರು.

ಗೊಂಬೆಯ ಮುದುಕ ಇನ್ನೊಂದು ಮಾಡಿಕೊಡಲು ತಯಾರಿದ್ದ. ನಮ್ಮ ಮನೆಯವರು ಬೇಡವೆಂದರು. ಪೇಟೆಂಟಿನ ಬೂಟನ್ನೇ ಮತ್ತೆ ಬೋಲ್ಟಿಗೆ ಹಾಕಿ, ನನ್ನ ನವಾರಿನಿಂದ ಬಿಗಿದುಕೊಂಡು, ಹೊಸ್ತಿಲ ಹೊರಗೆ ಬಿಚ್ಚಿ ಒಳಗೆ ಜಾರಿಕೊಂಡು ಬರತೊಡಗಿದರು. ಅತ್ತೆ ಎಡಗಾಲಿಗೂ ನೀರು ಹಾಕುವುದನ್ನು ಬಿಟ್ಟರು. ತಂಬಿಗೆ ತುಂಬಿ ಬಾಗಿಲ ಬಳಿ ಇಟ್ಟು ಒಳಗೆ ಹೋಗಿಬಿಡುತ್ತಿದ್ದರು.

ಮುಂದಿನ ಶ್ರಾವಣದಲ್ಲಿ ಅತ್ತೆ ಹಾಸಿಗೆ ಹಿಡಿದರು. ಎದೆಯಲ್ಲಿ ಕಫ ಕಟ್ಟಿತ್ತು. ಒಂದು ಮುಂಜಾನೆ ಉಸಿರು ಹತ್ತಿ ಇಳಿಯುವುದನ್ನು ಕಂಡು ನಮ್ಮ ಮನೆಯವರು ಔಷಧಕ್ಕೆಂದು ಮೂಡಲಗಿಗೆ ಹೋದರು. ಮಧ್ಯಾಹ್ನ ತಿರುಗಿ ಬರುವಾಗ ಜಡಿಮಳೆ. ಬೂಟಿನ ಸಪ್ಪಳ ಅಂಗಳದಲ್ಲಿ ಕೇಳಿದ್ದೇ ಅತ್ತೆ ಕಣ್ಣು ತೆರೆದರು.

“ಹಂಗ ಬಾ ಅನ್ನು ಅವಗ. ಬಿಚ್ಚಬ್ಯಾಡ ಅನ್ನು,” ಅಂದರು. ದನಿ ನನಗಷ್ಟೇ ಕೇಳುವಷ್ಟಿತ್ತು.

ನಾನು ಬಾಗಿಲಿಗೆ ಓಡಿದೆ. ಅವರು ಆಗಲೇ ಕೂತು ಗಂಟು ಬಿಚ್ಚುತ್ತಿದ್ದರು. ನೆನೆದ ನವಾರು ಕಲ್ಲಿನಂತೆ ಬಿಗಿದಿತ್ತು. “ಅತ್ತಿ ಹಂಗ ಬಾ ಅನ್ನಾಕತ್ತಾರ, ಏಳ್ರಿ,” ಅಂದೆ.

“ಅಕಿ ಹಂಗ ಅನ್ನಂಗಿಲ್ಲ. ನೀನ ಹೇಳಾಕತ್ತಿ,” ಅಂದರು, ತಲೆಯೆತ್ತದೆ. “ಇಷ್ಟ ದಿನಾ ಮೀರಲಿಲ್ಲ, ಇವತ್ತ ಮೀರಲೇನ?” ಒಳಗೆ ಕೇಳಲೆಂದು ಕೂಗಿದರು: “ಬಂದ್ನಿ ಬೇ, ಬಂದ್ನಿ!”

ನಾನು ಕೂತು ಹಲ್ಲಿನಿಂದ ಗಂಟು ಎಳೆದೆ. ಅದು ಸಡಿಲವಾಗಿ, ಕಾಲು ಬಿಚ್ಚಿ ಇಟ್ಟು, ಪಡಸಾಲೆಯುದ್ದಕ್ಕೂ ಜಾರಿಕೊಂಡು ಅವರು ಹಾಸಿಗೆಯ ಹತ್ತಿರ ತಲುಪಿದಾಗ ಅತ್ತೆ ಬಾಗಿಲ ಕಡೆ ಮುಖ ಮಾಡಿಕೊಂಡೇ ಇದ್ದರು. ಉಸಿರಿರಲಿಲ್ಲ.

ಅತ್ತೆ ಏನೆಂದರೆಂದು ಅವರು ನನ್ನನ್ನು ಎಂದೂ ಕೇಳಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಒಂದು ದಿನ ಬೂಟು ಬಿಚ್ಚದೆ ಒಳಗೆ ಬಂದರು. ನಾನು ಬೇಡವೆನ್ನಲಿಲ್ಲ, ಬೇಡವೆನ್ನುವವರು ಆ ಮನೆಯಲ್ಲಿ ಇರಲೂ ಇಲ್ಲ. ಆಮೇಲೆ ಬದುಕಿರುವ ತನಕ ಹಾಗೆಯೇ ಬಂದರು. ಹೊಸ್ತಿಲ ಹತ್ತಿರ ಮಾತ್ರ ಪ್ರತಿ ಸಲವೂ ಒಂದು ಗಳಿಗೆ ನಿಲ್ಲುತ್ತಿದ್ದರು, ನೀರು ಬರಲೆಂದು ಕಾದವರ ಹಾಗೆ.