ಬ್ರೆಡ್ಡಮ್ಮನ ಜಪಸರ

ಬ್ರೆಡ್ಡಮ್ಮನಿಗೆ ಇನ್ನೊಂದು ಹೆಸರಿದೆ ಎಂಬುದು ಚರ್ಚಿನ ದಾಖಲೆ ಪುಸ್ತಕವೊಂದನ್ನು ಬಿಟ್ಟು ಊರಿನಲ್ಲಿ ಯಾರಿಗೂ ನೆನಪಿರಲಿಲ್ಲ. ಗಂಡ ತೀರಿಕೊಂಡಾಗ ಅವಳ ಪಾಲಿಗೆ ಉಳಿದದ್ದು ಒಂದು ಕಟ್ಟಿಗೆ ಒಲೆ, ಹಿಟ್ಟು ನಾದುವ ಮರದ ತೊಟ್ಟಿ, ಕಂಕುಳಲ್ಲೊಂದು ಹೆಣ್ಣುಮಗು. ನೆಂಟರು ಬಂದು ಅಯ್ಯೋ ಪಾಪ ಎಂದು ಹೋದರು. ಅವಳು ಮೂರನೆಯ ದಿನವೇ ಒಲೆ ಹೊತ್ತಿಸಿದಳು. ಆಮೇಲೆ ಇಪ್ಪತ್ತೈದು ವರ್ಷ, ಭಾನುವಾರ ಬಿಟ್ಟರೆ, ಆ ಒಲೆ ತಣ್ಣಗಾದದ್ದಿಲ್ಲ.

ಮನೆಯಲ್ಲಿ ಗಡಿಯಾರವಿರಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ ಜಪಸರವೇ ಅವಳ ಗಡಿಯಾರ. ಮಣಿಗೊಂದು ನಮೋ ಮರಿಯ ಪ್ರಾರ್ಥನೆ. ಬ್ರೆಡ್ಡು ಒಲೆಗೆ ಹೋದರೆ ಜಪಸರ ಎರಡು ಸುತ್ತು ಬರಬೇಕು. ಕೊನೆಯ ಮಣಿ ಬೆರಳಿಗೆ ಸಿಗುವ ಹೊತ್ತಿಗೆ ಬ್ರೆಡ್ಡಿನ ನೆತ್ತಿ ಹದವಾಗಿ ಕೆಂಪಾಗಿರುತ್ತಿತ್ತು.

"ನಿಮ್ಮ ಜಪ ದೇವರಿಗೋ ಬ್ರೆಡ್ಡಿಗೋ?" ಎಂದು ಪಾದ್ರಿಗಳು ಒಮ್ಮೆ ರೇಗಿಸಿದ್ದರು.

"ಇಬ್ಬರಿಗೂ ಫಾದರ್. ದೇವರ ಹೆಸರು ಹೇಳ್ಕೊಂಡು ಊರಿಗೆ ಹಸಿ ಬ್ರೆಡ್ಡು ತಿನ್ನಿಸೋಕಾಗುತ್ತಾ?"

ಆ ಮಗಳು ಈಗ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಹಿಂದಿನ ವಾರ ಸುಳ್ಳು ನೋವಿಗೆ ಹೆದರಿ ಇಬ್ಬರೂ ದೂರದ ಆಸ್ಪತ್ರೆಗೆ ಓಡಿ, ಪೆಚ್ಚುಮೋರೆ ಹಾಕಿಕೊಂಡು ವಾಪಸ್ಸಾಗಿದ್ದರು. "ನೋವು ಐದು ನಿಮಿಷಕ್ಕೊಂದು ಸಲ ಬಂದಾಗ ಕರ್ಕೊಂಡು ಬನ್ನಿ," ಎಂದಿದ್ದರು ನರ್ಸಮ್ಮ. "ಆದ್ರೆ ಆಮೇಲೆ ತಡ ಮಾಡ್ಬೇಡಿ. ಮಗು ದೊಡ್ಡದಿದೆ, ಮನೇಲಿ ಹೆರೋದು ಬೇಡ." ಬ್ರೆಡ್ಡಮ್ಮ ಅಲ್ಲೇ ಗೋಡೆ ಗಡಿಯಾರದ ಮುಂದೆ ನಿಂತು ಜಪ ಮಾಡಿ ನೋಡಿದಳು. ಐದು ನಿಮಿಷಕ್ಕೆ ಸರಿಯಾಗಿ ಹದಿನೈದು ಮಣಿ.

ನಿಜವಾದ ನೋವು ಬಂದದ್ದು ಒಂದು ಬೆಳಿಗ್ಗೆ, ಬ್ರೆಡ್ಡನ್ನು ಆಗಷ್ಟೇ ಒಲೆಗೆ ತಳ್ಳಿದ್ದಾಗ. ಮಗಳು ತೊಟ್ಟಿಯ ಅಂಚು ಹಿಡಿದು ನಿಂತಳು.

"ಅಮ್ಮಾ, ಪೆಟ್ಟಿಗೇಲಿ ನನ್ನ ವಾಚಿದೆ, ತಗೊಂಡು ಬಾ."

"ವಾಚು ಯಾಕೆ? ನಿನ್ನ ಸಾಕಿದ್ದು ವಾಚು ನೋಡ್ಕೊಂಡಾ?"

ಜಪಸರ ಕೈಗೆ ಬಂತು. ಒಂದು ನೋವಿನಿಂದ ಇನ್ನೊಂದಕ್ಕೆ ಇಪ್ಪತ್ತಮೂರು ಮಣಿ. ಮತ್ತೆ ಇಪ್ಪತ್ತೆರಡು. ಹದಿನೈದಕ್ಕೆ ಇನ್ನೂ ಸಾಕಷ್ಟು ದೂರವಿದೆ. ಮಗಳಿಗೆ ಬೆವರು ಕಿತ್ತುಕೊಂಡು ಬರುತ್ತಿತ್ತು. "ಅವಸರ ಬೇಡ, ಹೊತ್ತಿದೆ," ಎಂದು ತಾಯಿ ಬೆನ್ನು ನೀವಿದಳು. ಎರಡು ಸುತ್ತು ಮುಗಿಯಿತು. ಅಭ್ಯಾಸದ ಬಲದಿಂದ ಎದ್ದು ಒಲೆಯ ಬಾಗಿಲು ತೆಗೆದಳು.

ಬ್ರೆಡ್ಡು ಬಿಳಿಚಿಕೊಂಡು ಕೂತಿತ್ತು.

ಕಟ್ಟಿಗೆ ಹಸಿಯೋ ಎಂದು ನೋಡಿದರೆ ಕೆಂಡ ನಿಗಿನಿಗಿ ಎನ್ನುತ್ತಿತ್ತು. ಒಲೆಯೊಳಗೆ ಚಾಚಿದ ಕೈ ಎಂದಿನಂತೆಯೇ ಚುರುಕ್ಕೆಂದಿತು. ತಪ್ಪು ಒಲೆಯದಲ್ಲ. ಹಾಗಾದರೆ ಯಾರದು ಎಂದುಕೊಂಡವಳು ಕೈಯಲ್ಲಿದ್ದ ಜಪಸರ ನೋಡಿದಳು. ಮಗಳ ನರಳಾಟ ಕೇಳುತ್ತಾ ಕೇಳುತ್ತಾ ಅವಳ ನಾಲಿಗೆ ಓಟ ಕಿತ್ತಿತ್ತು. ಐದು ನಿಮಿಷಕ್ಕೆ ಹದಿನೈದಲ್ಲ, ಅದಕ್ಕಿಂತ ಎಷ್ಟೋ ಹೆಚ್ಚು ಮಣಿ ಉರುಳಿಹೋಗುತ್ತಿದ್ದವು.

ಜಪಸರವನ್ನು ಕೊರಳಿಗೆ ಹಾಕಿಕೊಂಡು ತೊಟ್ಟಿಯಲ್ಲಿದ್ದ ಹಿಟ್ಟಿಗೆ ಎರಡೂ ಕೈ ಇಳಿಸಿದಳು. ಮುಂದಿನ ನೋವು ಇಳಿದ ಕೂಡಲೇ ನಾದಲು ಶುರುಮಾಡಿದಳು. ಹಿಟ್ಟಿನ ಒಂದು ಮಡಿಕೆಗೆ ಜಪದ ಒಂದು ಸಾಲು, ಒಂದು ಒತ್ತಿಗೆ ಒಂದು ಸಾಲು, ದಿನವೂ ಮಾಡುವ ಹಾಗೆ. ಗಾಬರಿಗೊಂಡ ನಾಲಿಗೆ ಕೈಯ ಹದಕ್ಕೆ ಬಂತು. ಹನ್ನೆರಡನೆಯ ನಮೋ ಮರಿಯ ಇನ್ನೂ ಬಾಯಲ್ಲಿತ್ತು, ಮಗಳು ಚೀರಿದಳು.

ಮೈಕೈಯೆಲ್ಲ ಹಿಟ್ಟಾಗಿದ್ದ ಬ್ರೆಡ್ಡಮ್ಮ ಬೀದಿಗೆ ಓಡಿ ಹಾಲಿನ ವ್ಯಾನಿಗೆ ಅಡ್ಡ ನಿಂತಳು.

"ಹಾಲು ಕೆಟ್ಟುಹೋಗುತ್ತಮ್ಮಾ," ಎಂದ ಡ್ರೈವರ್.

"ಕೆಡಲಿ. ನಾನು ಹೇಳ್ತೀನಿ ನಿಮ್ಮ ಯಜಮಾನರಿಗೆ. ಕ್ಯಾನು ಸರಿಸು."

ಇಪ್ಪತ್ತೈದು ವರ್ಷ ಅವಳ ಬ್ರೆಡ್ಡು ತಿಂದವನು, ಕ್ಯಾನು ಸರಿಸಿ ಜಾಗ ಮಾಡಿದ. ಆಸ್ಪತ್ರೆ ಮುಟ್ಟಿದ ಸ್ವಲ್ಪ ಹೊತ್ತಿಗೆ ಮಗು ಹುಟ್ಟಿತು. ಭುಜ ಸಿಕ್ಕಿಕೊಂಡಿತ್ತು, ಡಾಕ್ಟರು ಬಿಡಿಸಬೇಕಾಯಿತು. ಇನ್ನೊಂದು ಗಳಿಗೆ ಮನೆಯಲ್ಲೇ ಉಳಿದಿದ್ದರೆ ಕಷ್ಟವಿತ್ತು ಎಂದರು ನರ್ಸಮ್ಮ. ಬ್ರೆಡ್ಡಮ್ಮ ಅಲ್ಲೇ ಬೆಂಚಿನ ಮೇಲೆ ಕೂತು ಮನಸಾರೆ ಅತ್ತಳು.

ಒಲೆಯಲ್ಲಿದ್ದ ಬ್ರೆಡ್ಡು ಇದ್ದಿಲಾಗಿತ್ತು. ಮರುದಿನ ಊರಿಗೆ ಊರೇ ಬ್ರೆಡ್ಡಿಲ್ಲದೆ ಚಹಾ ಕುಡಿಯಿತು.

ಮನೆಗೆ ಬಂದ ಮೇಲೆ ಮಗಳು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಸುಮ್ಮನಿರಲಾರದೆ ಕೆಣಕಿದಳು. "ವಾಚು ಬೇಡ ಅಂದ್ಯಲ್ಲಮ್ಮಾ. ನಿನ್ನ ಜಪ ಕೈಕೊಡ್ತಲ್ಲ."

ಬ್ರೆಡ್ಡಮ್ಮ ಪೆಟ್ಟಿಗೆ ತೆರೆದಳು. ವಾಚು ತೆಗೆದು, ಸೆರಗಿನಲ್ಲಿ ಒರೆಸಿ, ಮಗಳ ಮಂಚದ ಪಕ್ಕದ ಮೊಳೆಗೆ ತೂಗುಹಾಕಿದಳು.

"ಅದಕ್ಕೆ ಹೆತ್ತ ಕರುಳಿಲ್ಲ ಮಗಳೇ. ಅದಕ್ಕೇ ಸರಿಯಾಗಿ ನಡೆಯುತ್ತೆ. ನಿನಗೆ ನೋವು ಬಂದ ದಿನ ಇನ್ಮೇಲೆ ಇದನ್ನೇ ನೋಡ್ತೀನಿ," ಎಂದಳು. "ಬ್ರೆಡ್ಡಿಗೆ ನನ್ನ ಜಪ ಸಾಕು."